ಸ್ಪಷ್ಟನೆ: ಎಲ್ಲರ ವಿಮಾನ ಟಿಕೆಟ್ ಒಟ್ಟಿಗೇ ತೆಗೆದರೆ ಅಗ್ಗವೇ?

‘ದ್ವೀಪ ಪ್ರವಾಸಕ್ಕೆ ಇಡೀ ಕುಟುಂಬ ಹೊರಟಿದ್ದರೆ ಎಲ್ಲರ ಟಿಕೆಟನ್ನೂ ಒಂದೇ ಸಲ ಬುಕ್ ಮಾಡಿ, ರಿಯಾಯಿತಿ ತಾನಾಗಿಯೇ ಸಿಗುತ್ತದೆ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಬಹಳ ಸಲ ಆಗುವುದು ಇದಕ್ಕೆ ತದ್ವಿರುದ್ಧ.

ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತಾರೆ. ಅಗ್ಗದ ಗುಂಪಿನಲ್ಲಿ 4 ಸೀಟು ಮಾತ್ರ ಉಳಿದಿದ್ದು ನೀವು 8 ಕೇಳಿದರೆ, ಸಾಮಾನ್ಯವಾಗಿ ಎಂಟೂ ಸೀಟಿಗೆ ಹೆಚ್ಚಿನ ದರವೇ ಬೀಳುತ್ತದೆ. ಆ ನಾಲ್ಕು ಅಗ್ಗದ ಸೀಟುಗಳು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಮೊದಲು 1, ಆಮೇಲೆ 2, 4, 8 ಎಂದು ಹುಡುಕಿ. ತಲಾ ದರ ಎಲ್ಲಿ ಜಿಗಿಯುತ್ತದೋ ಅಲ್ಲಿ ಬುಕಿಂಗ್ ಒಡೆಯಿರಿ. ಹೆಚ್ಚಿನ ಜಾಲತಾಣಗಳು ಒಂದು ಬುಕಿಂಗ್‌ಗೆ 9 ಜನರನ್ನಷ್ಟೇ ಒಪ್ಪುತ್ತವೆ. ಅದಕ್ಕೂ ಹೆಚ್ಚಿದ್ದರೆ ಗುಂಪು ದರವನ್ನು ವಿಮಾನ ಸಂಸ್ಥೆಯಲ್ಲೇ ವಿಚಾರಿಸಬೇಕು. ಅದೂ ಅಗ್ಗವೇ ಇರಬೇಕೆಂದೇನಿಲ್ಲ.

ಒಡೆಯುವಾಗ ಒಂದು ಎಚ್ಚರ: ಮಕ್ಕಳು, ನೆರವು ಬೇಕಾದ ಹಿರಿಯರು ತಮ್ಮ ಜೊತೆಗಾರರ ಬುಕಿಂಗ್ ಸಂಖ್ಯೆಯಲ್ಲೇ, ಅಂದರೆ ಪಿಎನ್‌ಆರ್‌ನಲ್ಲೇ ಇರಲಿ. ವಿಮಾನ ರದ್ದಾದರೆ ಒಂದೊಂದು ಪಿಎನ್‌ಆರ್‌ನವರನ್ನು ಒಂದೊಂದು ವಿಮಾನಕ್ಕೆ ಹಾಕಿಬಿಡಬಹುದು. ದ್ವೀಪಕ್ಕೆ ದಿನಕ್ಕೊಂದೇ ವಿಮಾನವಿದ್ದರಂತೂ ಅರ್ಧ ಮನೆ ಹಿಂದೆಯೇ ಉಳಿದೀತು. ಜೊತೆಯ ಪಿಎನ್‌ಆರ್‌ಗಳನ್ನು ಪ್ರತಿ ಬುಕಿಂಗ್‌ನಲ್ಲೂ ನಮೂದಿಸುವಂತೆ ಸಂಸ್ಥೆಗೆ ಮೊದಲೇ ಹೇಳಿ.

ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.