ಒಂದೇ ಕಾಲುವೆಯ ಪಾಲುದಾರರು

'ಕೊರೈವಲ್' ಎಂಬ ಇಂಗ್ಲಿಷ್ ಪದ ಇಂದು ಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿದೆ. ಅದಕ್ಕೆ 'ಪ್ರತಿಸ್ಪರ್ಧಿ' ಎಂದು ಅರ್ಥ ಹೇಳಿ ಮುಗಿಸುವುದು ಆ ಪದಕ್ಕೆ ಮಾಡುವ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಎಲ್ಲರೂ ಬಲ್ಲ 'ರೈವಲ್' ಪದದ ಹಿಂದೆ 'ಜೊತೆಗೆ' ಎಂಬರ್ಥದ ಲ್ಯಾಟಿನ್ ಉಪಸರ್ಗ ಸೇರಿ ಇದು ಹುಟ್ಟಿದೆ. 'ರೈವಲ್'ನ ಬೇರು ಲ್ಯಾಟಿನ್ನಿನ 'ರೀವುಸ್', ಎಂದರೆ ತೊರೆ, ಕಾಲುವೆ. (ಇಂಗ್ಲಿಷಿನ 'ರಿವರ್' ಇದರ ನೆಂಟನಲ್ಲ, ಅದು ದಡ ಎಂಬರ್ಥದ 'ರೀಪಾ'ದಿಂದ ಬಂದದ್ದು.) 3ನೇ ಶತಮಾನದ ರೋಮನ್ ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ಈ ಪದವನ್ನು ಬಿಡಿಸಿ ಹೇಳಿದ್ದಾನೆ: ಒಂದೇ ಕಾಲುವೆಯಿಂದ ನೀರು ಹಾಯಿಸಿಕೊಳ್ಳುವವರೇ 'ರೀವಾಲೆಸ್'. ಮೇಲಿನ ಹೊಲದವನು ನೀರನ್ನು ಕಟ್ಟಿ ನಿಲ್ಲಿಸಿದರೆ ಕೆಳಗಿನವನ ಪೈರು ಒಣಗುತ್ತದೆ. ಹೂಳು ತುಂಬಿದರೆ ಇಬ್ಬರ ಹೊಲಕ್ಕೂ ನೀರಿಲ್ಲ. ಜಗಳಕ್ಕೆ ಮೊದಲು ಅಲ್ಲಿದ್ದದ್ದು ಹಂಚಿಕೆ.

ನಮ್ಮ 'ದಾಯಾದಿ'ಯ ಕಥೆಯೂ ಇದೇ ಅಲ್ಲವೇ? ಆಸ್ತಿಯಲ್ಲಿ ಪಾಲುಳ್ಳವನು ಎಂಬಷ್ಟೇ ಅರ್ಥವಿದ್ದ ಪದಕ್ಕೆ ಇಂದು ಮತ್ಸರವೇ ಅಂಟಿಕೊಂಡಿದೆ.

ಶೇಕ್ಸ್‌ಪಿಯರ್‌ನ ಕಾಲದ ಇಂಗ್ಲಿಷಿನಲ್ಲಿ ಹಳೆಯ ಅರ್ಥ ಇನ್ನೂ ಉಳಿದಿತ್ತು. 'ಹ್ಯಾಮ್ಲೆಟ್'ನ ಮೊದಲ ದೃಶ್ಯದಲ್ಲಿ ಬರ್ನಾರ್ಡೊ ತನ್ನೊಡನೆ ಪಹರೆಗೆ ನಿಲ್ಲಬೇಕಾದವರನ್ನು 'ರೈವಲ್'ಗಳು ಎಂದೇ ಕರೆಯುತ್ತಾನೆ. ಬೇಗ ಬರಲು ಹೇಳು ಎಂದು ಅವನು ಕಾತರದಿಂದ ಕೇಳುವುದು ಸಂಗಾತಿಗಳಿಗಾಗಿ. 1598ರಲ್ಲಿ ಅಚ್ಚಾದ 'ನಾಲ್ಕನೆಯ ಹೆನ್ರಿ'ಯ ಮೊದಲ ಭಾಗವಂತೂ ನನಗೆ ಅತ್ಯಂತ ಪ್ರಿಯವಾದ ಸಾಕ್ಷಿ. ಮೊದಲ ಅಂಕದಲ್ಲಿ ಹಾಟ್‌ಸ್ಪರ್ ಎಂಬ ತರುಣ ಯೋಧ ಗೌರವವೆಲ್ಲ 'ಕೊರೈವಲ್' ಇಲ್ಲದೆ ತನ್ನೊಬ್ಬನದೇ ಆಗಬೇಕು ಎಂದು ಹಂಬಲಿಸುತ್ತಾನೆ. ನಾಲ್ಕನೆಯ ಅಂಕದಲ್ಲಿ ಆರ್ಚ್‌ಬಿಷಪ್ ರಾಜನ ಪಕ್ಷದ ವೀರರನ್ನು ಎಣಿಸುತ್ತ, ಇನ್ನೂ ಅನೇಕ 'ಕೊರೈವಲ್'ಗಳಿದ್ದಾರೆ ಎನ್ನುತ್ತಾನೆ. ಮೊದಲನೆಯದರಲ್ಲಿ ಸಹಿಸಲಾಗದ ಪೈಪೋಟಿ, ಎರಡನೆಯದರಲ್ಲಿ ಹೆಗಲಿಗೆ ಹೆಗಲು ಕೊಡುವ ಜೊತೆಗಾರಿಕೆ. ಒಂದೇ ನಾಟಕ, ಒಂದೇ ಪದ!

ಪೈಪೋಟಿಯೆಂದರೆ ಎದುರಿನವನನ್ನು ಅಳಿಸಿಹಾಕುವುದು ಎಂಬ ಇಂದಿನ ಮಾತು ನನಗೆ ಒಪ್ಪಿಗೆಯಿಲ್ಲ. ಅದಕ್ಕೇ ಉಲ್ಪಿಯನ್ನನ ಮಾತಿನ ಮುಂದಿನ ಭಾಗವನ್ನೂ ಹೇಳಬೇಕು. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ 'ಡೈಜೆಸ್ಟ್' ಎಂಬ ಕಾನೂನು ಸಂಗ್ರಹದಲ್ಲಿ ಅದು ಉಳಿದುಬಂದಿದೆ. ಒಂದೇ ಕಾಲುವೆಯವರಿಬ್ಬರು ನೀರಿನ ಬಳಕೆ ತಮ್ಮದೆಂದು ವ್ಯಾಜ್ಯಕ್ಕೆ ನಿಂತರೆ, ನ್ಯಾಯಾಧಿಕಾರಿಯ ತಡೆಯಾಜ್ಞೆಯ ರಕ್ಷಣೆ ಒಬ್ಬನಿಗಲ್ಲ, ಇಬ್ಬರಿಗೂ ಸಲ್ಲುತ್ತದೆ.