ಪಿನ್ ಕೀಳಿ ಅನ್ನೋರಿಗೆ ಏನು ಹೇಳೋದು?

ಟಿವಿಗೆ ಜೋಡಿಸಿದ ಆಂಪ್ಲಿಫೈಯರ್ ಹಾಕಿದರೆ ಹಾಡಿಗಿಂತ ಮೊದಲು 'ಗುಂಯ್' ಶುರು. ಟಿವಿಯ ಕೇಬಲ್ ಕಿತ್ತರೆ ಮಾಯ, ಸಿಕ್ಕಿಸಿದರೆ ಮತ್ತೆ ಹಾಜರು. ಕೇಬಲ್‌ನ ಹೊರಕವಚ ಎಲ್ಲೋ ಅರ್ಥ್ ಆಗಿದೆ (ನೆಲಕ್ಕೆ ಜೋಡಿಸಿದೆ), ಆಂಪ್ಲಿಫೈಯರ್ ಇನ್ನೆಲ್ಲೋ. ನಡುವೆ ಹರಿಯುವ ಸಣ್ಣ ಕರೆಂಟೇ ಈ 50 ಹರ್ಟ್ಸ್ ಸದ್ದು. ಬಂದವರೆಲ್ಲ ಹೇಳೋದು ಒಂದೇ: "ಪ್ಲಗ್ಗಿನ ದಪ್ಪ ಪಿನ್ ಕಿತ್ತುಬಿಡಿ ಸಾರ್." ಸದ್ದೇನೋ ನಿಲ್ಲಬಹುದು ಮಾರಾಯ್ರೆ! ಒಳಗಿನ ವೈರ್ ಬಾಡಿಗೆ ತಾಗಿದರೆ ಶಾಕ್ ಹೊಡೆಯೋದು ಯಾರಿಗೆ? ಆ ಅರ್ಥ್ ಪಿನ್ ಇರೋದೇ ಜೀವ ಉಳಿಸೋಕೆ ಅಲ್ವಾ? ಟಿವಿ, ಆಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ ಅಂದರೆ ಯಾರಿಗೂ ತಾಳ್ಮೆ ಇಲ್ಲ. ಅದಕ್ಕೂ ಬಗ್ಗದಿದ್ದರೆ ಕೇಬಲ್ ದಾರಿಯಲ್ಲೊಂದು ಐಸೋಲೇಟರ್ (ಸಿಗ್ನಲ್ ದಾಟಿಸಿ, ಆ ಸಣ್ಣ ಕರೆಂಟ್ ತಡೆಯುವ ಸಾಧನ) ಸಾಕು. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಅದನ್ನು ಕೇಳಿದೆ. ಸ್ಟೆಬಿಲೈಸರ್ ತೋರಿಸಿದರು!