ಕ್ಲೀನ್ ಮಾಡಿದ ಮೇಲೆ ಪೇಂಟ್‌ಬಾಲ್ ಮಾರ್ಕರ್ (ಬಣ್ಣದ ಗುಂಡು ಹಾರಿಸೋ ಆಟದ ಗನ್) ಹೊಡೆಯೋದೇ ಇಲ್ಲ!
ಕೆಸರು ಮೆತ್ತಿದ್ದಾಗ ಚೆನ್ನಾಗೇ ಹೊಡೀತಿದ್ದ ಟಿಪ್‌ಮನ್ 98 ಮಾರ್ಕರ್, ಬಿಚ್ಚಿ ಒರೆಸಿ ಜೋಡಿಸಿದ ಕೂಡಲೇ ಸುಮ್ಮನಾದರೆ ಹೊಟ್ಟೆ ಉರಿಯುತ್ತೆ. ಗ್ಯಾಸನ್ನು ದೂರೋ ಮುಂಚೆ ಲಿಂಕೇಜ್ ಕಡ್ಡಿ ನೋಡಿ. ಒಳಗೆ ಹಿಂದೆ ಮುಂದೆ ಜಾರೋ ಎರಡು ಬೋಲ್ಟುಗಳಲ್ಲಿ ಮುಂದಿನದನ್ನೂ ಹಿಂದಿನದನ್ನೂ ಕೂಡಿಸೋದು ಅದೇ. ಮಾರ್ಕರಿನ ಎರಡು ಹೋಳು ಮುಚ್ಚುವಾಗ ಕಡ್ಡಿಯ ತುದಿ ಜಾರಿತೋ, ಗಾಳಿ ಬಂದರೂ ಬಾಲ್ ಬರಲ್ಲ.

ಆಮೇಲೆ ಹಿಂದಿನ ಬೋಲ್ಟಿನ ಓ-ರಿಂಗ್, ಅಂದರೆ ಗ್ಯಾಸ್ ಸೋರದಂತೆ ತಡೆಯೋ ರಬ್ಬರ್ ಬಳೆ. ಎಣ್ಣೆಯೆಲ್ಲ ಒರೆಸಿ ಒಣಗಿಸಿಬಿಡ್ತಾರೆ! ಒಣಗಿದರೆ, ಸೀಳಿದರೆ ಗ್ಯಾಸ್ ಪಕ್ಕದಲ್ಲಿ ಸೋರುತ್ತೆ, ಬೋಲ್ಟ್ ಹಿಂದಕ್ಕೆ ಬಂದು ಸಿಯರಿಗೆ (ಬೋಲ್ಟನ್ನು ಹಿಡಿದಿಟ್ಟು ಟ್ರಿಗರ್ ಒತ್ತಿದಾಗ ಬಿಡೋ ಕೊಕ್ಕೆಗೆ) ಸಿಕ್ಕಲ್ಲ. ಒಂದು ಹನಿ ಮಾರ್ಕರ್ ಎಣ್ಣೆ ಬೆರಳಲ್ಲಿ ಸವರಿ ಸಾಕು. ಡಬ್ಲ್ಯುಡಿ-40 ಮಾತ್ರ ಬೇಡವೇ ಬೇಡ, ಸೀಲ್ ಹಾಳಾಗುತ್ತೆ. ಸಿಯರ್ ಸ್ಪ್ರಿಂಗಂತೂ ಚಂಗನೆ ಹಾರಿಹೋಗುತ್ತೆ. ಬಿಳಿ ಬಟ್ಟೆ ಹಾಸಿಕೊಂಡೇ ಬಿಚ್ಚಿ. ಅದಕ್ಕೂ ಮೊದಲು ಕನ್ನಡಕ ಹಾಕಿ, ಸಿಲಿಂಡರ್ ಕಳಚಿ, ಒಳಗುಳಿದ ಗ್ಯಾಸನ್ನು ಸುರಕ್ಷಿತ ದಿಕ್ಕಿಗೆ ಹಾರಿಸಿ ಖಾಲಿ ಮಾಡಿ.